ಹರವಿಯೊಳಗಿನ ನೀಲಿ

“ಅಜ್ಜಾರ, ಹನ್ನೆರಡು ವರ್ಷ ಆತು. ನನ್ನೊಳಗಿನ ಹಾವು ಯಾವಾಗ ಏಳತೈತ್ರಿ?”

ಕೇಳಿದವನು ಅಡಿವೆಪ್ಪ. ಕೇಳಿಸಿಕೊಂಡವರು ಮಠದ ಹಿರಿಯ ಗುರುಗಳು; ಅವರನ್ನು ಊರೆಲ್ಲ ಅಜ್ಜ ಎಂದೇ ಕರೆಯುತ್ತಿತ್ತು. ಬೆನ್ನುಹುರಿಯ ಬುಡದಲ್ಲಿ ಕುಂಡಲಿನಿ ಎಂಬ ಶಕ್ತಿ ಹಾವಿನಂತೆ ಸುರುಳಿ ಸುತ್ತಿ ಮಲಗಿದೆ, ಸಾಧಕನಲ್ಲಿ ಅದು ಎದ್ದು ನೆತ್ತಿಗೇರುತ್ತದೆ ಎಂದು ಅಜ್ಜ ಅವನಿಗೆ ಮೊದಲ ದಿನವೇ ಹೇಳಿದ್ದರು. ಅಂದಿನಿಂದ ಅಡಿವೆಪ್ಪ ಒಂದು ದಿನವೂ ತಪ್ಪಿಸದೆ ಧ್ಯಾನಕ್ಕೆ ಕುಳಿತ. ಉಸಿರು ಹಿಡಿದ, ಬಿಟ್ಟ. ಮಂಡಿನೋವು ಬಂತು. ಹಾವು ಮಾತ್ರ ಮಿಸುಕಲಿಲ್ಲ.

ಅತ್ತ ಇನ್ನೊಬ್ಬ ಸಾಧಕ ಗದಿಗೆಯ್ಯ ಮಠಕ್ಕೆ ಬಂದು ಮೂರು ವರ್ಷವೂ ಆಗಿರಲಿಲ್ಲ. ತನ್ನ ಹಾವು ಆಗಲೇ ಗಂಟಲಿಗೆ ಬಂದಿದೆ ಎಂದು ಹೇಳಿಕೊಂಡು, ಅದಕ್ಕೆ ಸಾಕ್ಷಿಯಾಗಿ ಮಾತಿನ ನಡುವೆ ಆಗಾಗ ಕೆಮ್ಮುತ್ತಿದ್ದ. ಕಣ್ಣು ಮುಚ್ಚಿದರೆ ಸಾಕು, ಅವನಿಗೆ ನೀಲಿ ಬೆಳಕು ಕಾಣುತ್ತದಂತೆ, ಗಂಟೆಯ ನಾದ ಕೇಳುತ್ತದಂತೆ. ಅಡಿವೆಪ್ಪನಿಗೆ ಕಂಡದ್ದು ಬರೀ ಕತ್ತಲೆ, ಕೇಳಿದ್ದು ಅಡುಗೆಮನೆಯ ಪಾತ್ರೆಗಳ ಸದ್ದು. ಅವನಿಗೆ ಗದಿಗೆಯ್ಯನ ಮೇಲೆ ಸಿಟ್ಟೇನೂ ಇರಲಿಲ್ಲ. ತನ್ನ ಬಗ್ಗೆಯೇ ನಾಚಿಕೆಯಾಗಿತ್ತು.

ಅಡಿವೆಪ್ಪ ಮಠಕ್ಕೆ ಬಂದದ್ದೇ ತನ್ನ ಸಿಟ್ಟಿಗೆ ತಾನು ಹೆದರಿ. ಹಿಂದೆ ಒಂದು ಊಟದ ಪಂಕ್ತಿಯಲ್ಲಿ ಹೋಳಿಗೆ ತನಗೆ ಕೊನೆಗೆ ಬಂತೆಂದು ಸೋದರಮಾವನ ಮನೆಯ ನೀರನ್ನು ಎಂಟು ವರ್ಷ ಮುಟ್ಟಿರಲಿಲ್ಲ. ಯಾರು ಯಾವಾಗ ಏನಂದರು ಎಂಬುದನ್ನು ತಿಥಿ, ವಾರ ಸಮೇತ ಒಪ್ಪಿಸುತ್ತಿದ್ದ. ಒಂದು ದಿನ ಒಡಹುಟ್ಟಿದ ಅಣ್ಣನ ಮೇಲೆಯೇ ಕುಡಗೋಲು ಎತ್ತಿದ. ಎತ್ತಿದ ಕೈಯನ್ನು ಕಂಡು ತಾನೇ ಬೆಚ್ಚಿ, ಅದನ್ನು ಅಲ್ಲೇ ಬಿಸಾಕಿ ಮಠದ ದಾರಿ ಹಿಡಿದ.

ಇವತ್ತು ಗಂಟು ಕಟ್ಟಿಕೊಂಡೇ ಅಜ್ಜನ ಮುಂದೆ ಕೂತಿದ್ದ. ಗಂಟಿನಲ್ಲಿ ಎರಡು ಧೋತರ, ಒಂದು ತಂಬಿಗೆ. ಮುಂಜಾನೆ ದಾಸೋಹದಲ್ಲಿ ಯಾರದೋ ಕೈತಪ್ಪಿ ಬಿಸಿ ಗಂಜಿ ಅವನ ಪಾದದ ಮೇಲೆ ಚೆಲ್ಲಿತ್ತು. ಆ ಕಾಲನ್ನು ಮಡಚಲಾಗದೆ ಮುಂದಕ್ಕೆ ಚಾಚಿದ್ದ. ಗುರುವಿನ ಎದುರು ಕಾಲು ಚಾಚಬಾರದೆಂದು ಅದರ ಮೇಲೆ ಧೋತರದ ಸೆರಗು ಮುಚ್ಚಿದ್ದ.

“ಹಾವಿಲ್ಲದ ಹುತ್ತಕ್ಕ ಹಾಲು ಎರದಂಗ ಆತ್ರಿ ನನ್ನ ಬಾಳೇವು,” ಎಂದ. “ಅಪ್ಪಣೆ ಕೊಟ್ರ ಊರಿಗೆ ಹೋಗತೇನಿ.”

ಅಜ್ಜ ಹೋಗು ಎನ್ನಲಿಲ್ಲ, ಇರು ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೀಲಗಾರನಿದ್ದ. ನೇಕಾರರು ತಂದುಕೊಟ್ಟ ನೂಲಿಗೆ ನೀಲಿ ಬಣ್ಣ ಹಾಕುವುದು ಅವನ ಕಸುಬು. ಮನೆಯ ಹಿತ್ತಲಲ್ಲಿ ಕುತ್ತಿಗೆಯವರೆಗೆ ಹೂತ ದೊಡ್ಡ ಮಣ್ಣಿನ ಹರವಿ ಇತ್ತು. ಅದರಲ್ಲಿ ನೀಲಿ, ಸುಣ್ಣದ ತಿಳಿ, ಬೇಯಿಸಿದ ತಗಚೆ ಬೀಜ ಕೂಡಿ ಹುಳಿತು ಹದಕ್ಕೆ ಬರುತ್ತಿದ್ದವು. ಅವನ ಮುತ್ತಾತನ ಕಾಲದಿಂದ ಆ ಹರವಿಯನ್ನು ಒಮ್ಮೆಯೂ ಬರಿದು ಮಾಡಿರಲಿಲ್ಲ. ಮನೆಯವರು ಅದಕ್ಕೆ ಜೀವವಿದೆ ಎಂದೇ ನಂಬಿದ್ದರು. ಹದ ಬಂದರೆ ಹರವಿ ಎದ್ದಿದೆ ಎನ್ನುತ್ತಿದ್ದರು, ಬಾರದಿದ್ದರೆ ಮಲಗಿದೆ ಎನ್ನುತ್ತಿದ್ದರು.

ನೀಲಗಾರನಿಗೆ ಒಬ್ಬ ಮನೆಅಳಿಯ. ನೇಕಾರರ ಮನೆಯಿಂದ ಬಂದವನು. ನೀಲಿ ನೂಲನ್ನು ನೇಯ್ದು ಗೊತ್ತಿತ್ತೇ ಹೊರತು, ನೂಲು ನೀಲಿಯಾಗುವುದನ್ನು ಅವನು ಕಂಡಿರಲಿಲ್ಲ. ಒಂದು ದಿನ ಮಾವ ಪಕ್ಕದ ಊರಿಗೆ ಹೊರಟ. ಒಬ್ಬ ಮದುಮಗಳ ಸೀರೆಯ ನೂಲು ಮರುದಿನಕ್ಕೆ ಆಗಲೇಬೇಕಿತ್ತು.

“ಹರವಿ ಎದ್ದೈತಿ. ನೂಲು ಅದ್ದು, ನೂರು ಎಣಿಸು, ತಗದು ಹಗ್ಗದ ಮ್ಯಾಲೆ ಹಾಕು. ಇಷ್ಟ ಕೆಲಸ,” ಎಂದು ಹೇಳಿ ಹೋದ.

ಅಳಿಯ ನೂಲು ಅದ್ದಿದ, ನೂರು ಎಣಿಸಿ ಎತ್ತಿದ. ನೂಲು ಹಳದಿ ಬೆರೆತ ಹಸಿರಾಗಿತ್ತು. ಇಂಥ ನೂಲನ್ನು ಹಗ್ಗಕ್ಕೆ ಹಾಕುವುದು ಹೇಗೆ? ಅದರ ನೀರು ಇಳಿಯುವ ಮೊದಲೇ ಮತ್ತೆ ಮುಳುಗಿಸಿದ. ಇನ್ನೂರು ಎಣಿಸಿ ಇಣುಕಿದ, ಅದೇ ಹಸಿರು. ಮತ್ತೆ ಮುಳುಗಿಸಿದ. ಮಧ್ಯಾಹ್ನವಾಯಿತು, ಊಟವೂ ಬೇಡವಾಯಿತು. ಮನೆಅಳಿಯನೆಂದರೆ ಮೊದಲೇ ಊರವರ ಬಾಯಿಗೆ ಎಲೆಅಡಿಕೆ. ಮಾವ ನಂಬಿ ಕೊಟ್ಟ ಮೊದಲ ಕೆಲಸವೇ ಕೆಟ್ಟರೆ ಮುಖ ತೋರಿಸುವುದಾದರೂ ಹೇಗೆ? ಹರವಿಯೊಳಗೆ ಬಗ್ಗಿ ನೋಡಿದ. ನೀರೂ ಹಳದಿಯಾಗಿಯೇ ಇತ್ತು. ಹರವಿ ಮಲಗಿದೆ, ಬಡಿದು ಎಬ್ಬಿಸಬೇಕು ಎಂದುಕೊಂಡು ಒಂದು ಕೋಲು ತಂದ.

ಅಷ್ಟರಲ್ಲಿ ಮಾವ ಬಂದು ಕೋಲು ಕಿತ್ತುಕೊಂಡ.

“ಮಾವಾ, ಮುಂಜಾನಿಂದ ನೋಡಾಕತ್ತೇನಿ. ಒಳಗ ನೀಲಿ ಕಾಣವಲ್ದು,” ಎಂದ ಅಳಿಯ. ಅವನಿಗೆ ಅಳುವೇ ಬಂದಿತ್ತು.

“ಹುಚ್ಚಪ್ಪಾ, ಒಳಗ ನೀಲಿ ಕಂಡ್ರ ಹರವಿ ಕೆಟ್ಟಂಗ,” ಎಂದ ಮಾವ. “ನೂಲನ್ನ ಗಾಳಿಗೆ ಯಾವಾಗ ಬಿಟ್ಟಿ?”

ಮಾವ ನೂಲನ್ನು ಎತ್ತಿ, ಹಿಂಡಿ, ಕೊಡವಿ ಹಗ್ಗಕ್ಕೆ ಹಾಕಿದ. ಅಳಿಯ ನೋಡುತ್ತ ನಿಂತ. ನೂಲಿನ ಹಸಿರು ಅಂಚಿನಿಂದ ಕಪ್ಪಾಗುತ್ತ ಬಂತು. ಒಂದು ಎಲೆಗೆ ಸುಣ್ಣ ಹಚ್ಚಿ ಮಡಿಸುವಷ್ಟರಲ್ಲಿ ನೂಲೆಲ್ಲ ನೀಲಿಯಾಗಿ ತೂಗುತ್ತಿತ್ತು. ಅಳಿಯನಿಗೆ ನಗು ತಡೆಯಲಾಗಲಿಲ್ಲ. ಹರವಿಯ ಬಾಯಿ ಮುಟ್ಟಿ ಕಣ್ಣಿಗೊತ್ತಿಕೊಂಡ.

ಅಜ್ಜ ಕತೆ ಮುಗಿಸಿದರು. ಕತೆ ಅಡಿವೆಪ್ಪನಿಗೆ ಹಿಡಿಸಿತ್ತು. ಗಂಟಿನ ಮೇಲಿನ ಕೈ ಯಾವಾಗಲೋ ಸಡಿಲವಾಗಿತ್ತು. ಆದರೂ ಸಮಾಧಾನ ಪೂರ್ತಿಯಾಗಲಿಲ್ಲ.

“ಕತಿ ಚಲೋ ಐತ್ರಿ ಅಜ್ಜಾರ. ಆದ್ರ ಆ ಅಳಿಯಗ ಕಡೀಕರ ನೀಲಿ ಕಂಡಿತು. ನನಗೇನು ಕಂಡಿತ್ರಿ?”

ಅಜ್ಜ ಧೋತರದ ಸೆರಗಿನಡಿಯ ಪಾದವನ್ನು ನೋಡಿದರು.

“ಮುಂಜಾನೆ ನಿನ್ನ ಕಾಲ ಮ್ಯಾಲೆ ಗಂಜಿ ಚೆಲ್ಲಿದಾಂವ ಯಾರಪಾ?”

ಅಡಿವೆಪ್ಪ ಹೇಳಲು ಬಾಯಿ ತೆರೆದ. ಹೆಸರು ನೆನಪಾಗಲಿಲ್ಲ.