ನಡುವಿನ ಪೆಟ್ಟಿಗೆ

ತಿಪ್ಪೇಶ ಕೇಳಿದ: "ಗುರುಗಳೇ, ಮೇಲಿನ ದೊಡ್ಡ ಸ್ವಿಚ್ಚು ಸಂದೇಶಗಳನ್ನು ವೇಗವಾಗಿ ಸಾಗಿಸುತ್ತದೆ. ಕೆಳಗಿನ ಸಣ್ಣ ಸ್ವಿಚ್ಚು ಜನರ ಕಂಪ್ಯೂಟರುಗಳನ್ನು ಜೋಡಿಸುತ್ತದೆ. ಎರಡರ ನಡುವೆ ಇನ್ನೊಂದು ಪದರ ಏಕೆ? ಅದು ಏನು ಮಾಡುತ್ತದೆ?"

ನೆಟ್‌ವರ್ಕ್ ಕಲಿಸುವ ಗುರುಗಳು ನಕ್ಕರು. ನಿನಗಿಂತ ಮೊದಲೇ ಒಬ್ಬ ಯಜಮಾನ ಇದನ್ನು ಕೇಳಿದ್ದ ಎಂದು ಕತೆ ಹೇಳಿದರು.

ಒಂದು ವಿದ್ಯಾಸಂಸ್ಥೆ. ಹಾಸ್ಟೆಲು, ಕಾಲೇಜು, ಆಸ್ಪತ್ರೆ ಎಲ್ಲವೂ ಒಂದೇ ಆವರಣದಲ್ಲಿದ್ದವು. ಅವನ್ನು ಜೋಡಿಸಲು ಬಂದ ಎಂಜಿನಿಯರು ಒಂದೊಂದಕ್ಕೂ ಬೇರೆ ನಡುವಿನ ಪೆಟ್ಟಿಗೆ ಇಟ್ಟ. ಅದಕ್ಕೆ ಅವನು ಕೊಟ್ಟ ಅಪ್ಪಣೆ ಇಷ್ಟೇ: ವಿಳಾಸವಿರುವ ಸಂದೇಶವನ್ನು ದಾಟಿಸು, ವಿಳಾಸವಿಲ್ಲದೆ ಎಲ್ಲರನ್ನೂ ಕರೆಯುವ ಕೂಗನ್ನು ಇಲ್ಲೇ ನಿಲ್ಲಿಸು. ಸಂಸ್ಥೆಯ ಯಜಮಾನನಿಗೆ ಅದು ಬೇಡದ ಅಡ್ಡಗೋಡೆಯಾಗಿ ಕಂಡಿತು. ಕಿತ್ತುಹಾಕು ಎಂದ. ಎಂಜಿನಿಯರು ಒಂದು ತಿಂಗಳು ಗಡುವು ಕೇಳಿದ.

ಗಡುವು ಮುಗಿಯುವ ಹಿಂದಿನ ದಿನ ಹಾಸ್ಟೆಲಿನಲ್ಲಿ ಕೇಬಲಿನ ತುದಿಯೊಂದು ನೇತಾಡುತ್ತಿತ್ತು. ವಾರ್ಡನ್ ಬಹಳ ಶಿಸ್ತಿನ ಮನುಷ್ಯ. ಪಾಪ, ಎಲ್ಲಿಂದಲೋ ಕಳಚಿ ಬಂದಿದೆ ಎಂದುಕೊಂಡು ಅದನ್ನು ಅಲ್ಲಿನ ಸ್ವಿಚ್ಚಿನ ಖಾಲಿ ಪೋರ್ಟಿಗೆ ಸಿಕ್ಕಿಸಿದ. ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು. ಯಾವುದೋ ಕಂಪ್ಯೂಟರಿನಿಂದ ಹೊರಟ ಕೂಗು ಸುತ್ತಿಕೊಂಡು ಅಲ್ಲಿಗೇ ಬಂತು, ಎರಡಾಯಿತು, ಸಾವಿರವಾಯಿತು. ಹಾಸ್ಟೆಲಿನ ನೆಟ್‌ವರ್ಕ್ ಪೂರ್ತಿ ನಿಂತುಹೋಯಿತು.

ಅದೇ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿ ಎಂಟು ದಿನದ ಕೂಸಿನ ಎದೆ ಬಿಚ್ಚಿದ್ದರು. ದೂರದ ಊರಿನ ತಜ್ಞರೊಬ್ಬರು ಅದರ ಹೃದಯವನ್ನು ತಮ್ಮ ಪರದೆಯಲ್ಲಿ ನೋಡುತ್ತ, ಎಲ್ಲಿ ಹೊಲಿಯಬೇಕೆಂದು ಇಲ್ಲಿಯವರಿಗೆ ಹೇಳುತ್ತಿದ್ದರು. ಆ ಚಿತ್ರ ನಿಂತಿದ್ದರೆ ಕೂಸು ಉಳಿಯುತ್ತಿರಲಿಲ್ಲ.

ಹಾಸ್ಟೆಲಿನ ಸುದ್ದಿ ಕೇಳಿದ ಯಜಮಾನ ಕೂಸಿನ ಗತಿ ಏನೆಂದು ಗಾಬರಿಯಾಗಿ ಓಡಿ ಬಂದ. ಎಂಜಿನಿಯರು ಅವನನ್ನು ಹಾಸ್ಟೆಲಿನ ನಡುವಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದ. ಹಾಸ್ಟೆಲಿನ ಕಡೆಯ ದೀಪಗಳು ಹುಚ್ಚು ಹಿಡಿದಂತೆ ಮಿಣುಕುತ್ತಿದ್ದವು. ದೊಡ್ಡ ಸ್ವಿಚ್ಚಿನ ಮೂಲಕ ಆಸ್ಪತ್ರೆಗೆ ಹೋಗುವ ಆಚೆ ಕಡೆಯ ದೀಪಗಳು ಮಲಗಿದ ಮಗುವಿನ ಉಸಿರಿನಂತೆ ನಿಧಾನವಾಗಿದ್ದವು. ನಡುವೆ ಇದ್ದದ್ದು ಒಂದು ಗೇಣು. ಆಸ್ಪತ್ರೆಯ ಚಿತ್ರ ಒಮ್ಮೆಯೂ ಕದಲಿರಲಿಲ್ಲ. ಯಜಮಾನ ತಾನಾಗಿ ಕೈ ಮುಗಿದ.

"ಸ್ವಾಮಿ, ನಾಳೆ ಕಿತ್ತುಹಾಕಲೇ?" ಎಂದು ಎಂಜಿನಿಯರು ಕೇಳಿದ.

"ಮೆಲ್ಲಗೆ ಮಾತಾಡಪ್ಪ, ಅದು ಕೆಲಸದಲ್ಲಿದೆ" ಎಂದ ಯಜಮಾನ.

ಗುರುಗಳು ಕತೆ ನಿಲ್ಲಿಸಿದರು. ಆ ಕೂಸು ಏನಾಯಿತು ಎಂದು ತಿಪ್ಪೇಶ ಕೇಳಿದ.

ಅವನ ಅಂಗಿಯ ಕೊರಳಿನ ಕೆಳಗೆ ಇಣುಕುತ್ತಿದ್ದ ಹಳೆಯ ಹೊಲಿಗೆಯ ಗುರುತನ್ನು ನೋಡುತ್ತ ಗುರುಗಳು ಹೇಳಿದರು: "ಬೆಳೆದು ದೊಡ್ಡದಾಗಿ, ಆ ಪೆಟ್ಟಿಗೆ ಏನು ಮಾಡುತ್ತದೆ ಎಂದು ಈಗ ನನ್ನನ್ನೇ ಕೇಳುತ್ತಿದೆ."