ಅಕ್ಷರ ತೆಗೆದರೆ ಓಡುವ ವಿಡಿಯೊ

"ಗುರುಗಳೇ, ನಿಂತು ನಿಂತು ಸಾಗುತ್ತಿದ್ದ ಪಾಠವನ್ನು ಸರಿದಾರಿಗೆ ತಂದೆ. ಆದರೂ ನೀವು ಒಂದು ಒಳ್ಳೆಯ ಮಾತು ಆಡಲಿಲ್ಲ. ನಾನು ಮಾಡಿದ್ದು ತಪ್ಪೇ?"

ಹೀಗೆ ಕೇಳಿದವನು ಶಿಷ್ಯ ಮರುಳಸಿದ್ಧ. ಓದು ಬಾರದ ಹಿರಿಯರಿಗೆ ಮಠದಲ್ಲಿ ಅಕ್ಷರ ಕಲಿಸುವ ಕೆಲಸ ಅವನದು. ಗಾರೆ ಕೆಲಸದಲ್ಲೇ ಮುದುಕರಾದ ಕೆಂಚವೀರಪ್ಪನವರು ಪ್ರತಿ ಅಕ್ಷರಕ್ಕೂ ಮೂರು ಸಲ ತಡೆದು ಕೇಳುತ್ತಿದ್ದರು. ಇನ್ನು ನಡುವೆ ಮಾತಾಡಬೇಡಿ ಎಂದು ಅವನು ಅವರಿಗೆ ಹೇಳಿದ್ದ. ನಾಲ್ಕು ದಿನಗಳಿಂದ ಪಾಠ ಸಲೀಸಾಗಿ ಸಾಗಿತ್ತು.

ಗುರುಗಳು ನಕ್ಕರು. ಹೊಗಳಿಕೆ ಬೇಕಾದರೆ ಕೊಡೋಣ ಮಾರಾಯ, ಮೊದಲು ಹೊಗಳಲೇಬೇಕಾದ ಒಬ್ಬಳ ಕತೆ ಕೇಳು ಎಂದು ಶುರುಮಾಡಿದರು.

ಒಬ್ಬ ಪಾತ್ರೆ ವ್ಯಾಪಾರಿ. ಅವನ ತಂದೆ ಹರಿಕಥೆ ಮಾಡುತ್ತಿದ್ದವರು. ತಂದೆ ತೀರಿಕೊಂಡ ಮೇಲೆ ಅವರ ನಲವತ್ತಮೂರು ಕಥೆಗಳ ವಿಡಿಯೊಗಳನ್ನು ಮಗ ಒಂದು ಪೆಟ್ಟಿಗೆಯಲ್ಲಿ ಕೂಡಿಟ್ಟ. ಮನೆಯದೇ ಸರ್ವರ್ ಅದು, ಒಂದು ಪುಟ್ಟ ಕಂಪ್ಯೂಟರ್. ಅಲ್ಲಿಂದ ನಡುಮನೆಯ ಟಿವಿಗೆ ವಿಡಿಯೊ ಬರಬೇಕು. ತಾಯಿಗೆ ಕಿವಿ ಪೂರ್ತಿ ಹೋಗಿತ್ತು. ಅದಕ್ಕೆ ಸೊಸೆ ಒಂದು ವರ್ಷ ಕೂತು ಮಾವನ ಒಂದೊಂದು ಮಾತನ್ನೂ ಪರದೆಯ ಕೆಳಗೆ ಕಾಣುವಂತೆ ಬರೆದಳು. ಎಂಥ ತಾಳ್ಮೆ, ನನ್ನಿಂದಾಗದು! ಆ ಟಿವಿಯೋ, ಕನ್ನಡ ಅಕ್ಷರದ ಜಾಗದಲ್ಲಿ ಬರೀ ಚೌಕ ತೋರಿಸುತ್ತಿತ್ತು. ಆಗ ವ್ಯಾಪಾರಿ ಪ್ರತಿ ಸಾಲನ್ನೂ ಒಂದು ಚಿತ್ರವಾಗಿ ಮಾಡಿ ವಿಡಿಯೊ ಜೊತೆಗೆ ಇಟ್ಟ. ಅಕ್ಷರವೇನೋ ಕಂಡಿತು. ಆದರೆ ಎರಡು ನಿಮಿಷಕ್ಕೊಮ್ಮೆ ವಿಡಿಯೊ ನಿಂತುಬಿಡುತ್ತಿತ್ತು.

ತಂದೆಯ ಎರಡನೇ ವರ್ಷದ ತಿಥಿಗೆ ಐದು ದಿನ ಉಳಿದಿತ್ತು. ಅಂದು ಒಂದು ಕಥೆಯನ್ನಾದರೂ ನಿಲ್ಲದೆ ನೋಡಬೇಕೆಂಬುದು ತಾಯಿಯ ಆಸೆ. ಬೇರೇನನ್ನೂ ಅವರು ಕೇಳಿರಲಿಲ್ಲ.

ಮೊದಲು ಬಂದ ಮೆಕ್ಯಾನಿಕ್ ವೈಫೈ ಸಾಲದು ಎಂದ. ಸರ್ವರ್‌ನಿಂದ ಟಿವಿಯ ತನಕ ವೈರು ಎಳೆದು ಹೋದ. ವಿಡಿಯೊ ಮತ್ತೆ ನಿಂತಿತು. ಆಮೇಲೆ ಬಂದವಳು ಶಾಹಿದಾ. ಅವಳು ವೈರು ಮುಟ್ಟಲಿಲ್ಲ. ಇನ್ನೊಂದು ವಿಡಿಯೊ ಹಾಕಿ ನೋಡಿದಳು, ಸರ್ವರ್ ಎಷ್ಟು ಏದುಸಿರು ಬಿಡುತ್ತಿದೆ ಎಂದು ನೋಡಿದಳು, ಕೊನೆಗೆ ಅಕ್ಷರಗಳನ್ನು ಆಫ್ ಮಾಡಿದಳು. ವಿಡಿಯೊ ಸರಾಗವಾಗಿ ಓಡಿತು. ದೋಷ ಸಿಕ್ಕಿತು. ವ್ಯಾಪಾರಿಗೆ ಕಣ್ಣು ತುಂಬಿ ಬಂತು. ತಂದೆಯ ದನಿ ತಡೆಯಿಲ್ಲದೆ ಕೇಳಿ ಎಷ್ಟು ದಿನವಾಗಿತ್ತೋ, ಆ ಸಂತೋಷದಲ್ಲಿ ಉಳಿದದ್ದೆಲ್ಲ ಅವನಿಗೆ ಮರೆತೇಹೋಯಿತು. ಇಷ್ಟು ಸಾಕಮ್ಮ, ಗೆದ್ದೆವು ಎಂದ.

ಶಾಹಿದಾ ಚೀಲ ಹೆಗಲಿಗೇರಿಸಿದವಳು ತಿರುಗಿ ನೋಡಿದಳು. ಟಿವಿ ಮುಂದೆ ತಾಯಿ ಕೂತಿದ್ದ ಕುರ್ಚಿ ಖಾಲಿ ಇತ್ತು. ಅವರು ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು.

"ಅಜ್ಜಿ ಯಾಕೆ ಎದ್ದು ಹೋದರು?" ಎಂದು ಕೇಳಿದಳು.

ವ್ಯಾಪಾರಿಯ ಮುಖ ಸಣ್ಣಗಾಯಿತು. "ಅಕ್ಷರ ಇಲ್ಲದಿದ್ದರೆ ಅವಳಿಗೆ ಅಲ್ಲೇನಿದೆಯಮ್ಮಾ" ಎಂದ.

ಅವಳು ಚೀಲವನ್ನು ಕೆಳಗಿಟ್ಟಳು. ನೋಡು, ನನಗೆ ಮೆಚ್ಚುಗೆಯಾದದ್ದು ಆ ಚೀಲ ಕೆಳಗಿಟ್ಟದ್ದು! ಅವಳ ಕೆಲಸ ಮುಗಿದಿತ್ತು, ಯಾರೂ ಅವಳನ್ನು ತಡೆದಿರಲಿಲ್ಲ. ವಿಡಿಯೊ ಓಡುವಾಗಲೇ ಸರ್ವರ್ ಆ ಸಾಲುಗಳ ಚಿತ್ರಗಳನ್ನು ಒಂದೊಂದಾಗಿ ಅದರ ಮೇಲೆ ಅಂಟಿಸಿ ಟಿವಿಗೆ ಕಳಿಸಬೇಕಿತ್ತು. ಜನರನ್ನು ಎಲೆ ಮುಂದೆ ಕೂರಿಸಿ ಆಮೇಲೆ ಅಕ್ಕಿ ಆರಿಸಲು ಕೂತ ಹಾಗೆ. ಸಣ್ಣ ಪೆಟ್ಟಿಗೆ, ಪಾಪ, ಅದಕ್ಕೆ ಆ ವೇಗ ಎಲ್ಲಿಂದ ಬರಬೇಕು? ಅಂಟಿಸುವ ಕೆಲಸವನ್ನು ಮೊದಲೇ ಮುಗಿಸಿಡೋಣ, ನಿಧಾನವಾದರೂ ಆಗಲಿ ಎಂದಳು. ಯಾವ ಕಥೆ ಬೇಕೆಂದು ಅಜ್ಜಿಯ ಬಳಿ ಚೀಟಿಯಲ್ಲಿ ಬರೆಸಿಕೊಂಡಳು. ಮೊದಲ ಸಲ ಅಕ್ಷರ ಮಾತಿಗಿಂತ ಹಿಂದೆ ಬಿತ್ತು. ಅದನ್ನು ಅಳಿಸಿ ಮತ್ತೆ ಮಾಡಿದಳು. ನಾಲ್ಕು ದಿನ ಬೆಳಿಗ್ಗೆ ಬಂದು ನೋಡಿ ಹೋದಳು.

ತಿಥಿಯ ದಿನ ಊಟವಾದ ಮೇಲೆ ತಾಯಿ ಕುರ್ಚಿಯಲ್ಲಿ ಕೂತರು. ಎರಡೂವರೆ ಗಂಟೆಯ ಕಥೆ. ವಿಡಿಯೊ ಒಮ್ಮೆಯೂ ನಿಲ್ಲಲಿಲ್ಲ. ಗಂಡ ಜನರನ್ನು ನಗಿಸಿದಲ್ಲಿ ಅವರೂ ನಕ್ಕರು. ಮುಗಿದ ಮೇಲೆ ಶಾಹಿದಾಳ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಅಲ್ಲಿದ್ದಿದ್ದರೆ ನಾನೂ ಅವಳಿಗೆ ಕೈಮುಗಿಯುತ್ತಿದ್ದೆ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನಿಗೆ ಕತೆ ಬಹಳ ಹಿಡಿಸಿತು. ಎಂಥ ಹೆಣ್ಣುಮಗಳು ಎಂದು ತಲೆದೂಗಿದ. ಇನ್ನು ತನ್ನನ್ನು ಹೊಗಳುತ್ತಾರೆಂದು ಕಾದು ಕೂತ.

"ಇವತ್ತಿನ ಪಾಠದಲ್ಲಿ ಕೆಂಚವೀರಪ್ಪ ಎಲ್ಲಿ ಕೂತಿದ್ದರು?" ಎಂದರು ಗುರುಗಳು.

ಅವರು ಬಂದಿದ್ದರೋ ಇಲ್ಲವೋ ಎಂಬುದನ್ನೂ ಮರುಳಸಿದ್ಧ ನೋಡಿರಲಿಲ್ಲ.