ಹುತ್ತದ ಭದ್ರತೆ

ಗೆದ್ದಲುಗಳು ಕಟ್ಟಿದ ಹುತ್ತದೊಳಗೆ ನಾಗರಹಾವೊಂದು ದೊರೆಯಾಗಿ ಮೆರೆಯುತ್ತಿತ್ತು. ತಂಪು ಕೋಣೆಗಳೆಲ್ಲ ದೊರೆಯ ಪಾಲಾಗಿ, ಗೆದ್ದಲ ಮರಿಗಳು ಹೊರಗಿನ ಬಿಸಿಲಿಗೆ ಒಣಗಿ ಸಾಯುತ್ತಿದ್ದವು. ಹಾವಿಗೆ ಕಿವಿಯಿಲ್ಲದಿದ್ದರೂ ಪ್ರಜೆಗಳ ಗೊಣಗಾಟ ಹೇಗೋ ತಿಳಿಯಿತು. ಕೋಣೆ ಬಿಟ್ಟುಕೊಡುವುದು ರಾಜನೀತಿಯಲ್ಲವಲ್ಲ! ದೊರೆಗಳು ಗೆದ್ದಲಜ್ಜಿಯನ್ನು ಕರೆಸಿದರು.

"ನನ್ನ ಕೋಣೆಯ ಸುತ್ತ ಗೋಡೆ ದಪ್ಪ ಮಾಡಿ. ಒಳಗೆ ನುಗ್ಗಲು ಒಂದು ಸಂದೂ ಉಳಿಯಬಾರದು."

"ಮುಂಗುಸಿ ಬರುತ್ತಿದೆಯೇ, ಪ್ರಭು?"

"ಮುಂಗುಸಿಯ ಜೊತೆ ಒಪ್ಪಂದವಾಗಿದೆ. ಇದು ನಿಮ್ಮ ದಂಗೆಗೆ ಸಿದ್ಧತೆ."

"ದಂಗೆಯ ಯೋಚನೆ ನಮಗೆ ಬಂದೇ ಇರಲಿಲ್ಲವಲ್ಲ."

"ಅದಕ್ಕೇ ದೊರೆ ಇರುವುದು. ನಿಮಗಿಂತ ಮೊದಲೇ ಯೋಚಿಸಿದೆ" ಎಂದು ದೊರೆಗಳು ಹೆಡೆಯೆತ್ತಿ ಬೀಗಿದರು.

ಅಜ್ಜಿ ಅಡ್ಡಬಿದ್ದು ಹೋದಳು. ಗೆದ್ದಲುಗಳು ಎಂಜಲಲ್ಲಿ ಮಣ್ಣು ಕಲಸಿ ಮೆತ್ತಿದವು; ಆ ಮಣ್ಣು ಒಣಗಿದರೆ ಕಲ್ಲೇ ಸರಿ. ಪ್ರಜೆಗಳ ವಿಧೇಯತೆ ಕಂಡು ದೊರೆಗಳು ಸುಖವಾಗಿ ನಿದ್ದೆಹೋದರು. ಕಣ್ಣು ಬಿಟ್ಟಾಗ ಸುತ್ತ ಕಗ್ಗತ್ತಲು.

"ಎಲ್ಲಿ ಬಾಗಿಲು?" ಎಂದು ಬುಸುಗುಟ್ಟಿದರು.

ಗೋಡೆಯಾಚೆಯಿಂದ ಅಜ್ಜಿಯ ದನಿ ವಿನಯವಾಗಿಯೇ ಬಂತು: "ದಂಗೆಕೋರರು ನುಗ್ಗಲು ಇದ್ದ ದಾರಿ ಅದೊಂದೇ ಅಲ್ಲವೇ, ಪ್ರಭು? ಅದನ್ನೇ ಮೊದಲು ಮುಚ್ಚಿದೆವು."